ಸಾಹೇಬರ ಕೈಯಲ್ಲಿರುವ ರಜೆ ಚೀಟಿ

ಸಂಜೆ ಆರೂವರೆ. ಬ್ಯಾಂಕಿನ ಶಟರ್ ಅರ್ಧ ಇಳಿದಿದೆ. ಕ್ಯಾಶ್ ಟ್ಯಾಲಿ ಆಗಿದೆ, ಸೆಕ್ಯೂರಿಟಿಯವರು ಬಾಗಿಲಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಒಳಗೆ ಶಾಖಾ ಮ್ಯಾನೇಜರ್ ಮತ್ತು ಇಬ್ಬರು ಅಧಿಕಾರಿಗಳು ಒಂದೇ ಲ್ಯಾಪ್‌ಟಾಪಿನ ಮುಂದೆ ಒತ್ತೊತ್ತಾಗಿ ಕುಳಿತಿದ್ದಾರೆ. ರಿವ್ಯೂ ಕಾಲ್. ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲೂ ಮ್ಯೂಟ್ ಆದ ಒಂದೊಂದು ಮುಖ. ಮಾತಾಡುತ್ತಿರುವುದು ಒಂದೇ ಚೌಕ. "ಈ ವಾರ ಎಷ್ಟು ಪಾಲಿಸಿ ಮಾಡಿದ್ರಿ? ಸೊನ್ನೆನಾ? ಸಂಬಳ ತಗೊಳ್ಳೋಕೆ ನಾಚಿಕೆ ಆಗಲ್ವಾ?" ಉತ್ತರಿಸಲು ಅನ್‌ಮ್ಯೂಟ್ ಆದವರ ಮಾತು ಎರಡನೇ ಪದಕ್ಕೇ ತುಂಡಾಗುತ್ತದೆ. ಉಳಿದವರು ತಲೆ ತಗ್ಗಿಸಿ ತಮ್ಮ ಸರದಿ ಕಾಯುತ್ತಾರೆ.

2023ರ ಜೂನ್‌ನಲ್ಲಿ ಕೋಲ್ಕತ್ತದಿಂದ ಇಂಥದೇ ಒಂದು ಸಭೆಯ ವಿಡಿಯೊ ಹೊರಬಿತ್ತು. ದೊಡ್ಡ ಖಾಸಗಿ ಬ್ಯಾಂಕೊಂದರ ಅಧಿಕಾರಿ ಕೈಕೆಳಗಿನವರ ಮೇಲೆ ಕೂಗಾಡುತ್ತಿದ್ದ ದೃಶ್ಯವನ್ನು ದೇಶವೆಲ್ಲ ನೋಡಿತು. ಬ್ಯಾಂಕು ಅವರನ್ನು ಅಮಾನತು ಮಾಡಿತು. ಬ್ಯಾಂಕಿನಲ್ಲಿ ದುಡಿಯುವವರಿಗೆ ಅದರಲ್ಲಿ ಅಚ್ಚರಿ ಅನ್ನಿಸಿದ್ದು ಒಂದೇ: ವಿಡಿಯೊ ಹೊರಗೆ ಬಂದದ್ದು.

ಟಾರ್ಚರ್ ಕೊಡುವ ಬಾಸ್‌ನ ಬಗ್ಗೆ ನಾವು ಮಾತಾಡುವಾಗ ಸಾಮಾನ್ಯವಾಗಿ ಅವರ ಸ್ವಭಾವದ ಸುತ್ತಲೇ ಸುತ್ತುತ್ತೇವೆ. ಮುಂಗೋಪಿ, ಅಹಂಕಾರಿ, ಮನೆಯಲ್ಲಿ ಏನೋ ಸರಿಯಿಲ್ಲವಂತೆ. ಸ್ವಭಾವ ಹೇಗೇ ಇರಲಿ, ಕೈಯಲ್ಲಿ ಏನೂ ಇಲ್ಲದ ಮುಂಗೋಪಿಗೆ ಯಾರೂ ಹೆದರುವುದಿಲ್ಲ. ಹಾಗಾದರೆ ಅವರ ಕೈಯಲ್ಲಿ ಇರುವುದೇನು?

ಸಣ್ಣ ಚೀಟಿ, ದೊಡ್ಡ ಹಿಡಿತ

ಪೀಣ್ಯದ ಅಥವಾ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಮಗುವಿಗೆ ಜ್ವರ ಬಂದ ದಿನ ಅರ್ಧ ದಿನದ ರಜೆ ಬೇಕು. ಗೇಟ್ ಪಾಸಿಗೆ ಸಹಿ ಹಾಕುವವರು ಲೈನ್ ಸೂಪರ್‌ವೈಸರ್. ಗಂಟೆಗೆ ಎಷ್ಟು ಪೀಸ್ ಎಂದು ಬೋರ್ಡಿನಲ್ಲಿ ಬರೆಯುವವರೂ, ಹೊಲಿಗೆ ತಪ್ಪಿದ ಪೀಸನ್ನು ಎಲ್ಲರೆದುರು ಮೇಜಿನ ಮೇಲೆ ಎಸೆಯುವವರೂ ಅವರೇ. ಎಸೆದ ಪೀಸಿಗೆ ಆಕೆ ಸುಮ್ಮನಿರುವುದು ನಾಳೆಯ ಗೇಟ್ ಪಾಸಿಗಾಗಿ.

ಸಾಫ್ಟ್‌ವೇರ್ ಕಂಪನಿಯಲ್ಲಿ ಇದೇ ಹಿಡಿತದ ಹೆಸರು ಅಪ್ರೈಸಲ್ ರೇಟಿಂಗ್. ಯಾವ ಪ್ರಾಜೆಕ್ಟು, ಆನ್‌ಸೈಟ್ ಯಾರಿಗೆ, ತೊಂಬತ್ತು ದಿನದ ನೋಟಿಸ್ ಅವಧಿಯನ್ನು ಕಡಿಮೆ ಮಾಡಿ ಬಿಡುಗಡೆ ಕೊಡಬೇಕೋ ಬೇಡವೋ ಎಂಬುದೆಲ್ಲ ಒಬ್ಬರ ಇಷ್ಟಕ್ಕೆ ಬಿಟ್ಟದ್ದು. ಸಾರಿಗೆ ಡಿಪೊದಲ್ಲಿ ಡ್ಯೂಟಿ ಚಾರ್ಟು. ಯಾರಿಗೆ ಊರ ಹತ್ತಿರದ ರೂಟು, ಯಾರಿಗೆ ನೈಟ್ ಹಾಲ್ಟ್. ಸರ್ಕಾರಿ ಕಚೇರಿಯಲ್ಲಿ ಮೇಲಧಿಕಾರಿ ಬರೆಯುವ ಗೌಪ್ಯ ವರದಿ, ಅಂದರೆ ಸಿಆರ್, ಮತ್ತು ಎತ್ತಂಗಡಿ.

ಇವೆಲ್ಲ ಆಡಳಿತಕ್ಕೆ ಬೇಕಾದ ಅಧಿಕಾರಗಳೇ. ಆದರೆ ಯಾಕೆ ಹಾಗೆ ಮಾಡಿದಿರಿ ಎಂದು ಕೇಳುವವರಿಲ್ಲದಾಗ ಅವು ಕೋಲಾಗುತ್ತವೆ. 2020ರ ಡಿಸೆಂಬರ್‌ನಲ್ಲಿ ರಾಜ್ಯದ ಸಾರಿಗೆ ನೌಕರರು ಬಸ್ ನಿಲ್ಲಿಸಿದಾಗ ಸುದ್ದಿಯಾದದ್ದು ಸರ್ಕಾರಿ ನೌಕರರೆಂದು ಪರಿಗಣಿಸಬೇಕು ಎಂಬ ಬೇಡಿಕೆ. ಅದೇ ಪಟ್ಟಿಯಲ್ಲಿ ಮೇಲಧಿಕಾರಿಗಳ ಕಿರುಕುಳ ತಪ್ಪಿಸಿ ಎಂಬುದೂ ಇತ್ತು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟಿದ್ದ ಪೊಲೀಸ್ ಕಾನ್‌ಸ್ಟೆಬಲ್‌ಗಳ ಅಹವಾಲಿನಲ್ಲೂ ಸಂಬಳದ ಜೊತೆಗೆ ರಜೆ ಮತ್ತು ಮೇಲಿನವರ ದರ್ಪದ ಮಾತಿತ್ತು. ರಜೆ ಕೊಡಿ ಎಂದು ಕೇಳಲು ಎಲ್ಲರೂ ಸೇರಿ ರಜೆ ಹಾಕಬೇಕಾಗಿ ಬಂದ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ.

ಸ್ಟ್ರಿಕ್ಟ್ ಅಂದರೆ ಬೇರೆ

ಕೆಲಸ ಕೇಳುವ ಬಾಸ್‌ಗಳನ್ನೆಲ್ಲ ಕಿರುಕುಳದವರ ಸಾಲಿಗೆ ಸೇರಿಸುವುದು ಅನ್ಯಾಯ. ಕಟ್ಟುನಿಟ್ಟಿನ ಮೇಲಧಿಕಾರಿ ಸಿಡುಕಿದರೂ ಕೆಲಸದ ಬಗ್ಗೆ ಸಿಡುಕುತ್ತಾರೆ. ಏನು ತಪ್ಪಾಗಿದೆ, ಎಂದಿಗೆ ಸರಿಯಾಗಬೇಕು ಎಂದು ಹೇಳುತ್ತಾರೆ, ಸರಿಯಾದರೆ ಅಲ್ಲಿಗೆ ಮುಗಿಯಿತು. ಅವರ ನಿಯಮ ಎಲ್ಲರಿಗೂ ಒಂದೇ. ಅವರ ಕೈಕೆಳಗೆ ದುಡಿದವರು ಹತ್ತು ವರ್ಷದ ಮೇಲೆ ಅವರನ್ನು ನೆನೆಸಿಕೊಳ್ಳುವ ರೀತಿಯೇ ಬೇರೆ.

ಕಿರುಕುಳದಲ್ಲಿ ಕೆಲಸ ಮುಗಿದರೂ ಅದು ಮುಗಿಯುವುದಿಲ್ಲ. ನಿನ್ನೆ ಹೇಳಿದ್ದು ಇವತ್ತು ಬದಲಾಗಿರುತ್ತದೆ, ಬದಲಾದದ್ದು ನಿಮಗೊಬ್ಬರಿಗೆ ಗೊತ್ತಿರುವುದಿಲ್ಲ. ಮೀಟಿಂಗಿನ ಮೇಲ್‌ನಲ್ಲಿ ನಿಮ್ಮ ಹೆಸರು ಬಿಟ್ಟುಹೋಗುತ್ತದೆ. ಆಮೇಲೆ ಯಾಕೆ ಬರಲಿಲ್ಲ ಎಂದು ಕೇಳಲಾಗುತ್ತದೆ. ಶುಕ್ರವಾರ ಸಂಜೆ ಬಂದ ಕೆಲಸಕ್ಕೆ ಸೋಮವಾರ ಬೆಳಿಗ್ಗೆಯ ಗಡುವು. ಮಾಡಿಕೊಟ್ಟರೆ ಅದನ್ನು ಯಾರೂ ತೆರೆದೇ ನೋಡುವುದಿಲ್ಲ. ಒಂದೊಂದನ್ನೂ ಬಿಡಿಯಾಗಿ ಹೇಳಿದರೆ "ಇಷ್ಟೇನಾ?" ಅನ್ನಿಸುತ್ತದೆ. ಮನೆಯವರೂ ಹಾಗೇ ಅನ್ನುತ್ತಾರೆ. ಕೂಗಾಡುವ ಬಾಸ್‌ಗಿಂತ ತಣ್ಣಗೆ ನಗುತ್ತಾ ಇದನ್ನೆಲ್ಲ ಮಾಡುವವರೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಕೂಗಾಟಕ್ಕೆ ಸಾಕ್ಷಿ ಹೇಳಲು ಪಕ್ಕದ ಟೇಬಲ್ಲಿನವರಾದರೂ ಇರುತ್ತಾರೆ.

ಎಮ್ಮೆಗೆ ಜ್ವರ, ಎತ್ತಿಗೆ ಬರೆ

ಶಾಖೆಯವರನ್ನು ಜಾಲಾಡುವ ಪ್ರಾದೇಶಿಕ ಅಧಿಕಾರಿಯನ್ನು ಅದೇ ಮಧ್ಯಾಹ್ನ ವಲಯ ಕಚೇರಿ ಜಾಲಾಡಿರುತ್ತದೆ. ವಿದೇಶಿ ಬ್ರ್ಯಾಂಡಿನವರು ಸಾಗಣೆ ದಿನಾಂಕ ಹಿಂದಕ್ಕೆ ಎಳೆದರೆ ಫ್ಯಾಕ್ಟರಿ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜನ್ನು, ಇನ್‌ಚಾರ್ಜ್ ಸೂಪರ್‌ವೈಸರನ್ನು, ಸೂಪರ್‌ವೈಸರ್ ಮಷೀನಿನ ಮುಂದಿರುವವಳನ್ನು ಹಿಡಿಯುತ್ತಾರೆ. ಇದು ಕಿರುಕುಳ ಕೊಟ್ಟವರಿಗೆ ರಿಯಾಯಿತಿಯಲ್ಲ. ಆದರೆ ಯಾವ ಸಂಸ್ಥೆಯಲ್ಲಿ ಒಬ್ಬ ಬಾಸ್ ಹೋಗಿ ಇನ್ನೊಬ್ಬರು ಬಂದರೂ ಅದೇ ದನಿ ಕೇಳಿಸುತ್ತದೋ ಅಲ್ಲಿ ಮೂಲ ಮೇಲೆಲ್ಲೋ ಇದೆ.

ಇದನ್ನು ನ್ಯಾಯಾಲಯವೇ ಒಪ್ಪಿದ ಪ್ರಕರಣ ಫ್ರಾನ್ಸಿನದು. ಅಲ್ಲಿನ ದೂರಸಂಪರ್ಕ ಕಂಪನಿ ಫ್ರಾನ್ಸ್ ಟೆಲಿಕಾಂ 2000ದ ದಶಕದ ಕೊನೆಯಲ್ಲಿ 22,000 ಜನರನ್ನು ಕಡಿಮೆ ಮಾಡಲು ಹೊರಟಿತು. ಬಹುಪಾಲು ನೌಕರರು ಸರ್ಕಾರಿ ನೌಕರರ ರಕ್ಷಣೆ ಇದ್ದವರು, ತೆಗೆಯುವಂತಿಲ್ಲ. ಹಾಗಾಗಿ ಅವರಾಗಿಯೇ ಹೋಗುವಂತೆ ಮಾಡುವ ದಾರಿ ಹಿಡಿಯಲಾಯಿತು: ಮೇಲಿಂದ ಮೇಲೆ ವರ್ಗಾವಣೆ, ಗೊತ್ತಿಲ್ಲದ ಕೆಲಸಕ್ಕೆ ಹಾಕುವುದು, ಕೆಲಸವನ್ನೇ ಕೊಡದಿರುವುದು. ಹಲವರು ಆತ್ಮಹತ್ಯೆ ಮಾಡಿಕೊಂಡರು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಕಂಪನಿಯನ್ನೂ ಅದರ ಮಾಜಿ ಮುಖ್ಯಸ್ಥರನ್ನೂ ತಪ್ಪಿತಸ್ಥರೆಂದಿತು. 2025ರ ಜನವರಿಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಇಲ್ಲಿ ಯಾವೊಬ್ಬ ಮ್ಯಾನೇಜರನ ಕೋಪವೂ ಮುಖ್ಯ ವಿಷಯವಾಗಿರಲಿಲ್ಲ. ಕಂಪನಿಯ ನೀತಿಯೇ ಕಿರುಕುಳ ಎಂಬುದು ತೀರ್ಪಿನ ಸಾರ.

ತೀವ್ರ ನಿಗಾ ಘಟಕದಲ್ಲಿ ಒಂದು ಪ್ರಯೋಗ

"ಸ್ವಲ್ಪ ಬಿಸಿ ಮುಟ್ಟಿಸಿದರೇನೇ ಕೆಲಸ ನಡೆಯೋದು" ಎಂದು ನಂಬುವ ಮ್ಯಾನೇಜರ್‌ಗಳಿಗೆ ಇಸ್ರೇಲಿನ ಈ ಪ್ರಯೋಗ ತಿಳಿದಿದ್ದರೆ ಒಳ್ಳೆಯದು. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳನ್ನು ಕರೆದು, ಅವಧಿಗೆ ಮುನ್ನ ಹುಟ್ಟಿದ ಮಗುವಿನ ಸ್ಥಿತಿ ಬಿಗಡಾಯಿಸುವ ಅಣಕು ಸನ್ನಿವೇಶವೊಂದನ್ನು ನಿಭಾಯಿಸಲು ಹೇಳಿದರು. ನೋಡುತ್ತಿರುವವರು ಅಮೆರಿಕದ ತಜ್ಞರು ಎಂದು ತಿಳಿಸಲಾಗಿತ್ತು. ಕೆಲವು ತಂಡಗಳೆದುರು ಆ ತಜ್ಞರು ಇಸ್ರೇಲಿನ ವೈದ್ಯಕೀಯದ ಮಟ್ಟದ ಬಗ್ಗೆ ಹಗುರವಾಗಿ ಮಾತಾಡಿದರು. ಉಳಿದವುಗಳೆದುರು ಸಾದಾ ಮಾತು. ಮೊದಲಿನವರು ಕೇಳಿದ್ದರಲ್ಲೂ ಬೈಗುಳವಿಲ್ಲ, ಕೂಗಾಟವಿಲ್ಲ, ಬರೀ ತಾತ್ಸಾರ. ಆ ತಾತ್ಸಾರ ಕೇಳಿಸಿಕೊಂಡ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕ್ರಮದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ಮಾಹಿತಿ ಹಂಚಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಫಲಿತಾಂಶ 2015ರಲ್ಲಿ ಮಕ್ಕಳ ವೈದ್ಯಕೀಯದ ಪ್ರಮುಖ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಒಂದೇ ಮಾತಿಗೆ ಇಷ್ಟಾದರೆ ವರ್ಷಗಟ್ಟಲೆಯ ಮಾತಿಗೆ? ಭಾನುವಾರ ಸಂಜೆಯಿಂದಲೇ ಹೊಟ್ಟೆ ಕಿವುಚುವುದು, ಫೋನ್ ಸದ್ದಾದರೆ ಬೆಚ್ಚುವುದು, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನಾಳೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ತಿದ್ದುವುದು. ಹೆದರಿದವರು ತಪ್ಪು ಮುಚ್ಚಿಡುತ್ತಾರೆ. ಮುಚ್ಚಿಟ್ಟ ತಪ್ಪಿನ ಲೆಕ್ಕ ಕೊನೆಗೆ ಸಂಸ್ಥೆಗೇ ಬೀಳುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಸ್ವೀಡನ್ 1993ರಲ್ಲೇ ಕೆಲಸದ ಜಾಗದ ಕಿರುಕುಳದ ವಿರುದ್ಧ ನಿಯಮ ಮಾಡಿತು. ಆಸ್ಟ್ರೇಲಿಯಾದಲ್ಲಿ 2014ರಿಂದ ನೌಕರರು ಕೆಲಸದ ವಿವಾದ ಕೇಳುವ ಆಯೋಗದ ಮುಂದೆ ನೇರವಾಗಿ ಹೋಗಿ "ಇದನ್ನು ನಿಲ್ಲಿಸಿ" ಎಂಬ ಆದೇಶ ಕೇಳಬಹುದು. ದಕ್ಷಿಣ ಕೊರಿಯಾ 2019ರ ಜುಲೈನಿಂದ, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವ ಮಾಲೀಕರಿಗೆ ಜೈಲು ಶಿಕ್ಷೆಯನ್ನೂ ಇಟ್ಟಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಕೆಲಸದ ಜಾಗದ ಹಿಂಸೆ, ಕಿರುಕುಳಗಳ ವಿರುದ್ಧದ 190ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಸ್ಥಿರೀಕರಿಸಿಲ್ಲ.

ನಮ್ಮಲ್ಲಿ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಕಣ್ಣೆದುರು ಜಾತಿ ಹಿಡಿದು ಹೀಯಾಳಿಸಿದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಅದು ಕಚೇರಿಯೊಳಗೆ ನಡೆದರೂ ಅಷ್ಟೇ. ಇವೆರಡಕ್ಕೂ ಒಳಪಡದ, ದಿನನಿತ್ಯದ ಸಾದಾ ದಬ್ಬಾಳಿಕೆಗೆಂದೇ ಒಂದು ಕಾಯ್ದೆ ಇಲ್ಲ.

ಪೊಲೀಸ್ ಠಾಣೆಯ ದಾರಿಯೂ ಇಕ್ಕಟ್ಟು. ಸಿಕಂದರಾಬಾದಿನ ಕೇಂದ್ರ ಸಂಸ್ಥೆಯೊಂದರಲ್ಲಿ ನಿರ್ದೇಶಕರು ಗಟ್ಟಿ ದನಿಯಲ್ಲಿ ಗದರಿದರೆಂದು ಸಹಾಯಕ ಪ್ರಾಧ್ಯಾಪಕಿಯೊಬ್ಬರು ಹೂಡಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಕೆಲಸದ ವಿಷಯಕ್ಕೆ ಮೇಲಧಿಕಾರಿ ಗದರಿದ್ದು ಉದ್ದೇಶಪೂರ್ವಕ ಅವಮಾನದ ಅಪರಾಧವಾಗದು ಎಂಬುದು ಅದರ ನಿಲುವು. ಒಂದೇ ಒಂದು ಗದರಿಕೆಯನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವ ಯೋಚನೆ ಇರುವವರು ಇದನ್ನು ಓದಿಕೊಂಡೇ ಹೋಗಬೇಕು.

ಉಪಯೋಗಕ್ಕೆ ಬರುವುದು ಹೆಚ್ಚು ಸದ್ದು ಮಾಡದ ಇನ್ನೊಂದು ಬಾಗಿಲು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು. ಕುಂದುಕೊರತೆ ಉಂಟಾದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ಅಲ್ಲಿ ಸಮಾಧಾನವಾಗದಿದ್ದರೆ ಯೂನಿಯನ್ ಮೂಲಕ ಸಂಧಾನಾಧಿಕಾರಿಯ ಬಳಿಗೆ ಹೋಗಬಹುದು. ಸಂಹಿತೆಗೆ ಮೊದಲಿದ್ದ ಹಳೆಯ ಕಾಯ್ದೆಯಲ್ಲೂ ಇಂಥ ಸಮಿತಿ ಇತ್ತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ, ಸೇವಾ ಷರತ್ತುಗಳನ್ನು ಬರಹದಲ್ಲಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಐದು ವರ್ಷಕ್ಕೆ ವಿಸ್ತರಿಸಿದಾಗಲೂ ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತು ಹಾಕಿತ್ತು. ನಿಮ್ಮ ಕಂಪನಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ನೋಡಿ. ಬರುವ ಉತ್ತರವೇ, ಅಥವಾ ಬಾರದಿರುವ ಉತ್ತರವೇ, ಬಹಳ ಹೇಳುತ್ತದೆ.

"ನಾನು ಎಂಜಿನಿಯರ್, ಕಾರ್ಮಿಕ ಹೇಗಾಗುತ್ತೇನೆ?" ಎಂಬ ಸಂಕೋಚ ಬಹಳ ಜನರಿಗಿದೆ. ವಿಸಿಟಿಂಗ್ ಕಾರ್ಡಿನ ಮೇಲಿನ ಹುದ್ದೆಯ ಹೆಸರಿಗಿಂತ ದಿನವೂ ಮಾಡುವ ಕೆಲಸ ಎಂಥದು ಎಂಬುದನ್ನು ಕಾನೂನು ನೋಡುತ್ತದೆ. ತಾಂತ್ರಿಕ ಕೆಲಸವೂ ಆ ವ್ಯಾಖ್ಯೆಯೊಳಗಿದೆ. ಮುಖ್ಯವಾಗಿ ಆಡಳಿತ, ಮ್ಯಾನೇಜರಿಕೆ ಮಾಡುವವರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಹೊರಗುಳಿಯುತ್ತಾರೆ. ಐಟಿ ನೌಕರರದ್ದೇ ಆದ ಕೆಐಟಿಯು ಎಂಬ ಯೂನಿಯನ್ ಬೆಂಗಳೂರಿನಲ್ಲಿ 2017ರಿಂದ ಇದೆ.

ಮಾತನ್ನು ಕಾಗದಕ್ಕೆ ಇಳಿಸುವುದು

ದಬ್ಬಾಳಿಕೆ ಮಾಡುವವರು ಬಹುತೇಕ ಎಲ್ಲವನ್ನೂ ಬಾಯಿಮಾತಿನಲ್ಲೇ ಮುಗಿಸುತ್ತಾರೆ. ಅದನ್ನು ಕಾಗದಕ್ಕೆ ಎಳೆದು ತರುವುದೇ ನಿಮ್ಮ ಮೊದಲ ಕೆಲಸ. ಒಂದು ಸಾದಾ ನೋಟ್‌ಬುಕ್ ಸಾಕು. "ಬಾಸ್ ಇವತ್ತೂ ಅವಮಾನ ಮಾಡಿದರು" ಎಂದು ಬರೆದರೆ ಆರು ತಿಂಗಳ ಮೇಲೆ ಅದು ನಿಮ್ಮ ದುಃಖದ ದಾಖಲೆಯಾಗಿರುತ್ತದೆ ಅಷ್ಟೇ. ಹೀಗೆ ಬರೆಯಿರಿ: "ಬುಧವಾರ, ಬೆಳಿಗ್ಗೆ 11.20, ಎರಡನೇ ಮಹಡಿಯ ಮೀಟಿಂಗ್ ರೂಮು. ನಾನಲ್ಲದೆ ಇನ್ನೂ ನಾಲ್ವರಿದ್ದರು. ಶುಕ್ರವಾರಕ್ಕೆ ಎಂದಿದ್ದ ವರದಿಯನ್ನು ಈಗಲೇ ಕೇಳಿದರು. ಆಗಿಲ್ಲ ಎಂದಾಗ 'ನಿನ್ನಂಥವರನ್ನ ಯಾರು ಸೇರಿಸಿಕೊಂಡ್ರು' ಅಂದರು." ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ವಿಶೇಷಣ ಬೇಡ. ಅದೇ ದಿನ ಬರೆಯಿರಿ.

ಬಾಯಿಮಾತಿನ ಆದೇಶಕ್ಕೆ ಒಂದು ವಿನಯದ ಮೇಲ್: "ಈಗ ತಾವು ತಿಳಿಸಿದಂತೆ ಎ ಕೆಲಸ ನಿಲ್ಲಿಸಿ ಬಿ ಕೆಲಸ ಶುರು ಮಾಡುತ್ತಿದ್ದೇನೆ. ಹಾಗಾಗಿ ಎ ಶುಕ್ರವಾರದ ಬದಲು ಮಂಗಳವಾರ ಮುಗಿಯುತ್ತದೆ. ಬದಲಾವಣೆ ಇದ್ದರೆ ತಿಳಿಸಿ." ಇದರಲ್ಲಿ ದೂರಿಲ್ಲ, ವ್ಯಂಗ್ಯವಿಲ್ಲ. ಆದರೆ ಶುಕ್ರವಾರ ಕೂಗಾಡಬೇಕೆಂದಿದ್ದವರಿಗೆ ಈ ಮೂರು ಸಾಲು ಅಡ್ಡ ನಿಲ್ಲುತ್ತದೆ. ಕೆಲವು ಬಾಸ್‌ಗಳು ಇದರಿಂದ ಇನ್ನಷ್ಟು ಕೆರಳುತ್ತಾರೆ ಎಂಬುದೂ ನಿಜ, ಅದಕ್ಕೇ ದನಿ ವಿನಯದಲ್ಲಿರಬೇಕು.

ಒಂದು ಎಚ್ಚರಿಕೆ. ಸಾಕ್ಷಿ ಉಳಿಸಿಕೊಳ್ಳುವ ಆತುರದಲ್ಲಿ ಕಂಪನಿಯ ಫೈಲು, ಗ್ರಾಹಕರ ಮಾಹಿತಿಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಗೋಪ್ಯತೆಯ ಉಲ್ಲಂಘನೆ ಎಂದು ನಿಮ್ಮನ್ನೇ ಹೊರಹಾಕಲು ನೀವೇ ಕಾರಣ ಕೊಟ್ಟಂತಾಗುತ್ತದೆ. ಹಾಗೆಯೇ ಟಿಪ್ಪಣಿಗಳನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಅದನ್ನು ಯಾವ ಕ್ಷಣದಲ್ಲಾದರೂ ವಾಪಸ್ ಕೇಳಬಹುದು.

ಎಚ್‌ಆರ್ ಬಳಿ ಹೋಗುವಾಗ ಅವರು ಕಂಪನಿಯ ಪರವಾಗಿ ಕೂತವರು ಎಂಬುದು ನೆನಪಿರಲಿ. ಮೊದಲ ಸಲ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತೇ ಸಿಗಬಹುದು. "ನನಗೆ ಬಹಳ ನೋವಾಗಿದೆ" ಎಂಬುದಕ್ಕಿಂತ "ಈ ತಂಡದಿಂದ ಒಂದು ವರ್ಷದಲ್ಲಿ ಇಂತಿಷ್ಟು ಜನ ಬಿಟ್ಟಿದ್ದಾರೆ, ಈ ದಿನಾಂಕಗಳಲ್ಲಿ ಹೀಗೆ ನಡೆದಿದೆ, ನನ್ನ ಕೋರಿಕೆ ತಂಡ ಬದಲಾವಣೆ" ಎಂಬುದಕ್ಕೆ ಉತ್ತರ ಕೊಡದಿರುವುದು ಕಷ್ಟ. ಏನು ಬೇಕೆಂದು ಸ್ಪಷ್ಟವಾಗಿ ಕೇಳಿ. ಸಾಧ್ಯವಾದರೆ ಒಬ್ಬರೇ ಹೋಗಬೇಡಿ. ಒಬ್ಬರು ಹೋದರೆ ಅದು "ಹೊಂದಾಣಿಕೆಯ ಸಮಸ್ಯೆ", ಮೂವರು ಹೋದರೆ ಸಮಸ್ಯೆ ಮ್ಯಾನೇಜರದ್ದಾಗುತ್ತದೆ.

ಜೊತೆಯಾಗುವುದು ಎಷ್ಟು ಬಲ ಕೊಡುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನ ದಿಂಡಿಗಲ್ ಉದಾಹರಣೆಯಿದೆ. 2021ರ ಜನವರಿಯಲ್ಲಿ ಅಲ್ಲಿನ ಗಾರ್ಮೆಂಟ್ ಕಾರ್ಖಾನೆಯ ಯುವ ಕಾರ್ಮಿಕಳೊಬ್ಬಳ ಕೊಲೆಯಾಯಿತು; ಆರೋಪ ಬಂದದ್ದು ಆಕೆಯ ಮೇಲ್ವಿಚಾರಕನ ಮೇಲೆ. ದಲಿತ ಮಹಿಳೆಯರೇ ಮುನ್ನಡೆಸುವ ಯೂನಿಯನ್ ಪಟ್ಟು ಬಿಡದೆ ಹೋರಾಡಿದ್ದರ ಫಲವಾಗಿ 2022ರಲ್ಲಿ ಕಾರ್ಖಾನೆಯೊಂದಿಗೆ ಒಪ್ಪಂದವಾಯಿತು, ವಿದೇಶಿ ಬ್ರ್ಯಾಂಡುಗಳೂ ಸಹಿ ಹಾಕಿದವು. ಪ್ರತಿ ಇಪ್ಪತ್ತೈದು ಕಾರ್ಮಿಕರಿಗೆ ತಮ್ಮವರೇ ಆದ ಒಬ್ಬ ತರಬೇತಿ ಪಡೆದ ಮಹಿಳೆ ಫ್ಲೋರಿನಲ್ಲಿ ನಿಗಾ ಇಡುವುದು ಅದರ ಜೀವಾಳ. ಸೂಪರ್‌ವೈಸರ್ ಎಲ್ಲೆ ಮೀರಿದರೆ ಕೇಳುವವರು ದೂರದ ಕಚೇರಿಯಲ್ಲಿಲ್ಲ, ಎರಡು ಮಷೀನು ಆಚೆ ಇದ್ದಾರೆ.

ಸರ್ಕಾರಿ ನೌಕರರಿಗೆ ಸಿಕ್ಕ ಒಂದು ಗೆಲುವೂ ಕಾಗದಕ್ಕೆ ಸಂಬಂಧಿಸಿದ್ದೇ. ಸಿಆರ್ ಬಹುಕಾಲ ನಿಜಕ್ಕೂ ಗೌಪ್ಯವಾಗಿತ್ತು. ತೀರಾ ಪ್ರತಿಕೂಲ ಷರಾ ಇದ್ದರಷ್ಟೇ ನೌಕರರಿಗೆ ತಿಳಿಸುವ ರೂಢಿ. ಗಡಿ ರಸ್ತೆ ಸಂಸ್ಥೆಯ ಎಂಜಿನಿಯರೊಬ್ಬರಿಗೆ 'ಉತ್ತಮ' ಎಂದು ಬರೆದಿದ್ದರು. ಬಡ್ತಿಗೆ ಬೇಕಾದದ್ದು 'ಅತ್ಯುತ್ತಮ'. ಹೊಗಳಿಕೆಯಂತೆ ಕಾಣುವ ಆ ಒಂದೇ ಪದ ಅವರ ಬಡ್ತಿ ತಪ್ಪಿಸಿತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ. ದೇವದತ್ತ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಷರಾ ಎಂಥದೇ ಆಗಿರಲಿ ನೌಕರರಿಗೆ ತಿಳಿಸಬೇಕು ಎಂದಿತು. ಖಾಸಗಿಯಲ್ಲಿ ಇದಕ್ಕೆ ಸಮನಾದ ಹಕ್ಕಿಲ್ಲ. ಆದರೂ ರೇಟಿಂಗ್ ಬಂದಾಗ ಕಾರಣವನ್ನು ಬರಹದಲ್ಲಿ ಕೇಳಲು ಯಾರ ಅಡ್ಡಿಯೂ ಇಲ್ಲ.

ಈ ನಡುವೆ ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡ ಎನ್ನಿಸತೊಡಗಿದ್ದರೆ ಸಮಿತಿ, ದೂರುಗಳೆಲ್ಲ ಆಮೇಲೆ. ನಿಮ್ಹಾನ್ಸ್ ಸಮನ್ವಯದಲ್ಲಿ ನಡೆಯುವ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ.

ಬಿಟ್ಟು ಹೋಗುವಾಗ

ಎಲ್ಲ ಹೋರಾಟವನ್ನೂ ಗೆಲ್ಲಲೇಬೇಕೆಂದಿಲ್ಲ. ಗೃಹಸಾಲದ ಕಂತು ಕಟ್ಟುವವರಿಗೆ "ಬಿಸಾಕಿ ಬನ್ನಿ" ಎಂದು ಹೇಳುವುದು ಸುಲಭ, ಕೇಳುವುದು ಕಷ್ಟ. ಇನ್ನೊಂದು ಕೆಲಸ ಕೈಗೆ ಬರುವವರೆಗೆ ಹಲ್ಲು ಕಚ್ಚಿ ಇರುವುದು ಹೇಡಿತನವೇನಲ್ಲ. ಆದರೆ ಒಳ ಕೋಣೆಗೆ ಕರೆದು "ನೀವಾಗೇ ರಾಜೀನಾಮೆ ಕೊಟ್ಟರೆ ನಿಮಗೇ ಒಳ್ಳೆಯದು" ಎಂದರೆ ಆ ಕೋಣೆಯಲ್ಲೇ ಸಹಿ ಹಾಕಬೇಡಿ. ಕೆಲಸದಿಂದ ತೆಗೆದರೆ ಪ್ರಶ್ನಿಸಲು ದಾರಿಯಿದೆ. ಸ್ವಇಚ್ಛೆಯಿಂದ ಬಿಟ್ಟೆ ಎಂದು ಬರೆದುಕೊಟ್ಟ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. "ಓದಿ ನಾಳೆ ಉತ್ತರಿಸುತ್ತೇನೆ" ಎಂದು ಎದ್ದು ಬನ್ನಿ, ಬಂದ ಕೂಡಲೇ ನಡೆದದ್ದನ್ನು ಮೇಲ್ ಮಾಡಿ.

ಬಿಡುವುದೇ ಆದರೆ ಪೇ ಸ್ಲಿಪ್, ಅಪ್ರೈಸಲ್ ಪತ್ರ, ಪಿಎಫ್ ವಿವರಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಹೊಸ ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಬರಬೇಕು. ತಡವಾದರೆ ಆ ನಿಯಮವನ್ನು ಉಲ್ಲೇಖಿಸಿಯೇ ಬರೆಯಿರಿ.

ಕೊನೆಗೆ ಎಕ್ಸಿಟ್ ಇಂಟರ್‌ವ್ಯೂ ಎಂಬ ಫಾರಂ ಬರುತ್ತದೆ. ಕೆಲಸ ಬಿಡಲು ಕಾರಣವೇನು ಎಂಬ ಪ್ರಶ್ನೆಗೆ "ಉತ್ತಮ ಅವಕಾಶ" ಎಂದು ಬರೆದು ಕೈತೊಳೆದುಕೊಳ್ಳುವುದು ರೂಢಿ. ಹೀಗೆ ಎಷ್ಟೋ ಜನ ಬರೆದದ್ದರಿಂದಲೇ ಎಷ್ಟೋ ಮ್ಯಾನೇಜರ್‌ಗಳ ಕಡತದಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ರಿಲೀವಿಂಗ್ ಲೆಟರ್ ಕೈಸೇರುವವರೆಗೆ ಆ ಫಾರಂ ಕಾಯಲಿ. ಆಮೇಲೆ ಎರಡು ದಿನಾಂಕ, ಎರಡು ಘಟನೆ, ಒಬ್ಬರ ಹೆಸರು ಬರೆದು ಕಳಿಸಿ, ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಅದೇ ಕುರ್ಚಿಗೆ ಬರುವ ಮುಂದಿನವರು ದೂರು ಕೊಟ್ಟಾಗ "ಇಂಥದು ಮೊದಲ ಸಲ ಕೇಳುತ್ತಿದ್ದೇವೆ" ಎಂದು ಎಚ್‌ಆರ್ ಹೇಳುವಂತಿಲ್ಲ.